ಎರವಲು ದವಡೆ

ಮೂರು ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಬೀದಿಯವರೇ ಸರದಿಯ ಮೇಲೆ ಊಟ ತಂದುಕೊಟ್ಟರು. ಮೂರನೆಯ ದಿನದ ಜಿಯಾರತ್ ಪ್ರಾರ್ಥನೆ ಮುಗಿದು, ಗುಬ್ಬಿಯಿಂದ ಬಂದಿದ್ದ ನನ್ನ ತವರಿನವರು ಹೊರಟುಹೋದ ಮೇಲೆ, ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಅತ್ತೆ ಮೆಹರ್ ಬಾನು ಗ್ಯಾಸ್ ಹಚ್ಚಿ ಹಾಲಿಟ್ಟರು. ಹಾಲು ಕಡಿಮೆ ಮಾಡಲು ಹಾಲಿನವನಿಗೆ ಯಾರೂ ಹೇಳಿರಲಿಲ್ಲ. ಹೆಚ್ಚಾದದ್ದನ್ನು ಅವರು ಹೆಪ್ಪು ಹಾಕಿದರು.

ನಾನು ಬನ್ನನ್ನು ಚಹಾದಲ್ಲಿ ಅದ್ದಿ ಎಡಗಡೆ ಅಗಿದೆ. ನೋವು ಕಿವಿಯವರೆಗೆ ಹೋಯಿತು. ಆ ಹಲ್ಲು ಬಾಯಲ್ಲಿದೆ ಎಂಬುದೇ ಮೂರು ದಿನ ನನಗೆ ಮರೆತುಹೋಗಿತ್ತು.

ಹತ್ತು ಗಂಟೆಗೆ ಗುಬ್ಬಿಯ ಶಾಲೆಯ ಜವಾನ ಮಹಾದೇವಯ್ಯ ಬಂದರು. ನನ್ನ ಗಂಡ ಝುಬೇರ್ ಅಲ್ಲಿ ವಿಜ್ಞಾನದ ಮೇಷ್ಟರಾಗಿದ್ದರು. ದಿನಾ ಕುಣಿಗಲ್ಲಿನಿಂದ ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಗುಬ್ಬಿಗೆ ಇನ್ನೊಂದು. ಜೂನ್ ಇಪ್ಪತ್ತನಾಲ್ಕರಂದು ಮಧ್ಯಾಹ್ನ ಊಟಕ್ಕೆ ಮೊದಲು ಸ್ಟಾಫ್ ರೂಮಿನಲ್ಲಿ ಕುಸಿದರು. ತುಮಕೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂವತ್ತಮೂರು ವರ್ಷ. ಮಹಾದೇವಯ್ಯ ಝುಬೇರ್ ಅವರ ಬ್ಯಾಗನ್ನು ನನ್ನ ಮಾವ ಖುರ್ಷಿದ್ ಪಾಷಾ ಅವರ ಕೈಗೆ ಕೊಟ್ಟು, ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು, ನೀರು ಕುಡಿದು ಹೋದರು.

ಊಟದ ಡಬ್ಬಿ ತೆರೆದಿರಲಿಲ್ಲ. ಅದನ್ನು ನಾನೇ ಹಿತ್ತಲಿಗೆ ಒಯ್ದು ಬೂದಿ ಹಾಕಿ ತಿಕ್ಕಿದೆ. ಒಳಗೆ ಬಂದಾಗ ಅತ್ತೆ ಬ್ಯಾಗಿನಿಂದ ಪೇಪರಿನಲ್ಲಿ ಸುತ್ತಿದ ಒಂದು ಗಂಟನ್ನು ಬಿಚ್ಚಿ, ಕೈ ಹಿಂದೆಳೆದುಕೊಂಡು ಕೂತಿದ್ದರು. ಗುಲಾಬಿ ಬಣ್ಣದ ಒಸಡು, ಎರಡು ಸಾಲು ಹಲ್ಲು, ಹಿಂದುಗಡೆ ಬಾಗಿಲಿನದರಂಥ ಕೀಲು. ಮನುಷ್ಯನ ದವಡೆಗಿಂತ ಒಂದೂವರೆಪಟ್ಟು ದೊಡ್ಡದು.

"ಇದು ಯಾರದು?" ಅಂದರು.

"ಡಾಕ್ಟರದು, ಅಮ್ಮಿ. ಪ್ಲಾಸ್ಟಿಕ್ಕು. ಇವರು ಪಾಠಕ್ಕೆ ಅಂತ ಎರವಲು ತಂದಿದ್ರು."

ಹದಿನೈದು ದಿನ ಮೊದಲು ನನ್ನ ಹಲ್ಲುನೋವಿಗೆಂದು ನಾವಿಬ್ಬರೂ ತುಮಕೂರಿಗೆ ಹೋಗಿದ್ದೆವು. ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಡಾಕ್ಟರ್ ಸದಾಶಿವಯ್ಯನವರ ಕ್ಲಿನಿಕ್ಕು. ಎಕ್ಸ್‌ರೇ ನೋಡಿ, ಅವರು ಈ ದವಡೆಯನ್ನು ಮುಂದಿಟ್ಟುಕೊಂಡು ವಿವರಿಸಿದ್ದರು. ಕೆಳಗೆ ಎಡಗಡೆ ಕಟ್ಟಕಡೆಯದು ಬುದ್ಧಿಹಲ್ಲು. ಅದು ನೆಟ್ಟಗೆ ಬರದೆ ಓರೆಯಾಗಿ ಪಕ್ಕದ ಹಲ್ಲಿಗೆ ಒತ್ತಿಕೊಂಡಿದೆ. ಅರ್ಧ ಒಸಡಿನೊಳಗಿದೆ. ಸಂದಿಯಲ್ಲಿ ಅನ್ನ ಸೇರಿ ಕೀವಾಗುತ್ತಿದೆ. ಮಾತ್ರೆಯಿಂದ ಇಳಿದರೂ ಮತ್ತೆ ಬರುತ್ತದೆ, ಹಾಗೇ ಬಿಟ್ಟರೆ ಪಕ್ಕದ ಒಳ್ಳೆ ಹಲ್ಲೂ ಹೋಗುತ್ತದೆ. ನಾನು ಕೇಳಿಸಿಕೊಳ್ಳುತ್ತಿದ್ದೆ. ಝುಬೇರ್ ಮಾತ್ರ ದವಡೆಯನ್ನೇ ನೋಡುತ್ತಿದ್ದರು.

"ಇದನ್ನ ಒಂದು ತಿಂಗಳು ಕೊಡ್ತೀರಾ ಸರ್? ಎಂಟನೇ ಕ್ಲಾಸಿಗೆ ತೋರಿಸಬೇಕು" ಎಂದು ಕೇಳಿಯೇಬಿಟ್ಟರು.

ಡಾಕ್ಟರು ನಕ್ಕಿದ್ದರು. "ತಗೊಂಡು ಹೋಗಿ ಮೇಷ್ಟ್ರೇ. ಹಲ್ಲು ತೆಗೆಸಕ್ಕೆ ಬರೋ ದಿನ ತನ್ನಿ. ಜನ ಡೇಟ್ ತಗೊಂಡು ಹೋಗಿ ಬರೋದೇ ಇಲ್ಲ, ನೀವು ಇದಕ್ಕಾದ್ರೂ ಬರ್ತೀರಿ."

ಆ ಡೇಟಿನ ಕಾರ್ಡು ಅದೇ ಪೇಪರಿನ ಮಡಿಕೆಯಲ್ಲಿತ್ತು. ಜುಲೈ ಹದಿನೈದು, ಸೋಮವಾರ, ಹತ್ತೂವರೆ.

ಆ ಸಂಜೆ ಅಕ್ಕಿ ಆರಿಸುತ್ತಿದ್ದ ಅತ್ತೆಯ ಮುಂದೆ ಕೂತು, ಹದಿನೈದನೇ ತಾರೀಕು ತುಮಕೂರಿಗೆ ಹೋಗಬೇಕು ಎಂದೆ. ಅವರು ಮೊರದಿಂದ ತಲೆ ಎತ್ತಲಿಲ್ಲ.

"ನಾಲ್ಕು ತಿಂಗಳು ಹತ್ತು ದಿನ ಅಂದ್ರೆ ಏನು ಅಂತ ನಿಮ್ಮ ತಾಯಿ ಹೇಳ್ಕೊಟ್ಟಿಲ್ವಾ?"

"ನನಗೆ ಹೇಳ್ಕೊಟ್ಟಿದಾರೆ. ಹಲ್ಲಿಗೆ ಹೇಳ್ಕೊಟ್ಟಿಲ್ಲ."

"ಎಂ.ಎ. ಓದಿದೋರ ಜೊತೆ ನಾನು ಮಾತಾಡಲ್ಲಮ್ಮ" ಎಂದು ಮೊರ ಎತ್ತಿಕೊಂಡು ಒಳಗೆ ಹೋದರು.

ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಗಂಡನ ಮನೆಯಲ್ಲೇ ಇದ್ದತ್ ಕೂರಬೇಕು. ಅತ್ತೆ ತಮ್ಮ ತಾಯಿಯ ಇದ್ದತ್ತನ್ನು ಕಣ್ಣಾರೆ ಕಂಡವರು. ಆ ನಾಲ್ಕು ತಿಂಗಳು ಬೀದಿ ಕಡೆಯ ಕಿಟಕಿಯನ್ನೂ ತೆಗೆದಿರಲಿಲ್ಲವಂತೆ. ಈಗ ಸೊಸೆ ಬಸ್ಸು ಹತ್ತಿ, ಪರಗಂಡಸಿನ ಮುಂದೆ ಬಾಯಿ ತೆರೆದು ಕೂರುವುದನ್ನು ಅವರು ಕಲ್ಪಿಸಿಕೊಳ್ಳಲಾರದಾಗಿದ್ದರು. ಆದರೆ ಕೆಟ್ಟವರಲ್ಲ. ರಾತ್ರಿ ಮಲಗುವಾಗ ಲವಂಗದ ಎಣ್ಣೆಯ ಸೀಸೆ ತಂದು, ತಾವೇ ಹತ್ತಿ ಅದ್ದಿ, ನನ್ನ ಹಲ್ಲಿಗೆ ಇಟ್ಟರು. "ಇದರಲ್ಲೇ ಹೋಗುತ್ತೆ ನೋಡು" ಎಂದರು.

ಹೋಗಲಿಲ್ಲ. ವಾರದೊಳಗೆ ಎಡಗೆನ್ನೆ ಊದಿತು. ಬಾಯಿ ಪೂರಾ ತೆರೆಯಲಾಗುತ್ತಿರಲಿಲ್ಲ. ಮುದ್ದೆ ಅಗಿಯುವ ಪದಾರ್ಥವಲ್ಲ, ಅಷ್ಟರಮಟ್ಟಿಗೆ ಪುಣ್ಯ. ಗೋಲಿಯಷ್ಟು ಗಾತ್ರ ಮಾಡಿ, ಸಾರಿನಲ್ಲಿ ಹೊರಳಿಸಿ ನುಂಗುತ್ತಿದ್ದೆ. ಎಲ್ಲರ ಊಟ ಮುಗಿದು ತಟ್ಟೆ ತೊಳೆದಾದರೂ ನನ್ನದು ಮುಗಿಯುತ್ತಿರಲಿಲ್ಲ.

ಹೈವೇಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಮೈದುನ ನವೀದ್ ಅದನ್ನು ನೋಡಿ, "ಭಾಭಿ, ಟ್ಯೂಬಿಗೆ ಗಾಳಿ ಹೆಚ್ಚಾಗೈತೆ" ಎಂದ. ಅಣ್ಣ ಹೋದ ಮೇಲೆ ಅವನು ಆಡಿದ ಮೊದಲ ತಮಾಷೆ. ಅತ್ತೆ ಅವನ ತಲೆಗೆ ಮೊಟಕಿದರು.

ಮಾವ ಎದ್ದು ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅವರು ಇಲ್ಲಿನ ಕುದುರೆ ಫಾರಮ್ಮಿನಲ್ಲಿ ಮೂವತ್ತು ವರ್ಷ ಕುದುರೆ ನೋಡಿಕೊಂಡು ನಿವೃತ್ತರಾದವರು.

"ಬಾಯಿ ತೆಗಿ ಬೇಟಿ." ತೆರೆದೆ. ತಮ್ಮ ಎರಡು ಬೆರಳು ಜೋಡಿಸಿ ಮುಟ್ಟದೆ ಹಿಡಿದು ನೋಡಿದರು. "ಎರಡು ಬೆರಳು ಹಿಡಿಯಲ್ಲ. ಒಂದೇ."

ಅತ್ತೆಯ ಕಡೆ ತಿರುಗಿ ಕುದುರೆಯ ವಿಷಯ ಹೇಳತೊಡಗಿದರು. ಎಳೆ ಕುದುರೆಗೆ ಕಡಿವಾಣ ಹಾಕಿದರೆ ಕೆಲವು ತಲೆ ಒದರುತ್ತವೆ, ನಿಲ್ಲುವುದಿಲ್ಲ. ತಿಳಿಯದವರು ಕೊಬ್ಬು ಅನ್ನುತ್ತಾರೆ. ಡಾಕ್ಟರು ಬಂದು ಬಾಯಿಗೆ ಕೈಹಾಕಿ ನೋಡಿದರೆ ಒಂದು ಬೇಡದ ಹಲ್ಲು, ಕಡಲೆಕಾಳಿನಷ್ಟು. ಅದನ್ನು ತೆಗೆದು ನಾಲ್ಕು ದಿನ ಮೆತ್ತನೆಯ ಮೇವು ಕೊಟ್ಟರೆ ಆಯಿತು.

"ಸೊಸೇನ ಕುದುರೆ ಮಾಡಿದ್ರಿ" ಎಂದರು ಅತ್ತೆ.

"ಕುದುರೇನ ಅಷ್ಟು ನೋಡ್ಕೋತಿದ್ವಿ ಅಂತ ಹೇಳ್ದೆ."

ಅಂದೇ ಇಳಿಹೊತ್ತಿನ ಅಸರ್ ನಮಾಜಿಗೆ ಹೋದವರು ಇಮಾಮರನ್ನು ಕೇಳಿಕೊಂಡು ಬಂದರು. ಕಾಯಿಲೆಗೆ ಹಗಲು ಹೋಗಿ ಬರಬಹುದು, ರಾತ್ರಿ ಮಾತ್ರ ಈ ಮನೆಯಲ್ಲೇ ಇರಬೇಕು. ನವೀದ್ ಕಾಯಿನ್ ಬೂತಿನಿಂದ ಕ್ಲಿನಿಕ್ಕಿಗೆ ಫೋನ್ ಮಾಡಿ, ಅಲ್ಲಿನ ನರ್ಸಮ್ಮ ಹೇಳಿದ ಮಾತ್ರೆಗಳನ್ನು ತಂದ. ಊತ ಇಳಿಸಿಕೊಂಡು ಗೊತ್ತಾದ ದಿನಕ್ಕೇ ಬರಬೇಕಂತೆ.

ಮೂರನೆಯ ದಿನ ನಾನು ಬೇಳೆ ಕಟ್ಟು ಕುಡಿಯುತ್ತಿರುವಾಗ ಅತ್ತೆ ಬಾಗಿಲ ಹತ್ತಿರ ನಿಂತು ಹೇಳಿದರು.

"ಶರಿಯತ್ತು, ಬೀದಿ, ಅದೆಲ್ಲ ಹಂಗಿರ್ಲಿ. ಬೆಳಿಗ್ಗೆ ಎಂಟರ ಬಸ್ಸಿಗೆ ಚೆನ್ನಾಗಿ ಹತ್ತಿದೋನು ಸಂಜೆ ಹೆಂಗೆ ಬಂದ ನೋಡಿದ್ಯಲ್ಲ. ಅದೇ ಬಸ್ಸಿಗೆ ನಿನ್ನೂ ಹತ್ತಿಸಬೇಕಾ ನಾನು?"

ಅಲಮಾರಿಯಿಂದ ದವಡೆ ತಂದು ಅವರ ಮುಂದೆ ಇಟ್ಟೆ. ಡಾಕ್ಟರು ನನಗೆ ಹೇಳಿದ್ದನ್ನೇ ಅವರಿಗೆ ಹೇಳಿದೆ. ಮೊದಲು ಒಸಡಿಗೆ ಸೂಜಿ ಕೊಡುತ್ತಾರೆ, ತುಟಿ, ನಾಲಿಗೆಯ ಅರ್ಧಕ್ಕೆ ಸ್ಪರ್ಶ ಗೊತ್ತಾಗುವುದಿಲ್ಲ. ಒಸಡು ಸ್ವಲ್ಪ ಕೊಯ್ದು, ಹಲ್ಲನ್ನು ಇಡಿಯಾಗಿ ಎಳೆಯದೆ ತುಂಡು ಮಾಡಿ ತೆಗೆಯುತ್ತಾರೆ. ಮೂರು ಹೊಲಿಗೆ. ಮುಕ್ಕಾಲು ಗಂಟೆಯ ಕೆಲಸ. ಎಚ್ಚರ ತಪ್ಪಿಸುವುದಿಲ್ಲ. ಕೆನ್ನೆ ಎರಡು ಮೂರು ದಿನ ಊದಿ ಆಮೇಲೆ ಇಳಿಯುತ್ತದೆ.

ಅವರು ಬುದ್ಧಿಹಲ್ಲನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಅದು ಟಕ್ಕೆಂದು ಬಂತು. ಬುಡದಲ್ಲಿ ಪೆನ್ಸಿಲಿನಿಂದ ಸಣ್ಣಗೆ ೩೨ ಎಂದು ಬರೆದಿತ್ತು. ಮಕ್ಕಳು ಅದಲುಬದಲು ಮಾಡದಿರಲೆಂದು ಝುಬೇರ್ ಎಲ್ಲ ಹಲ್ಲಿಗೂ ಅಂಕಿ ಹಾಕಿದ್ದರು.

"ಅವನ ಬರವಣಿಗೆ" ಎಂದರು ಅತ್ತೆ. ಹಲ್ಲನ್ನು ಮತ್ತೆ ಕೂರಿಸಿದರು. ಮತ್ತೆ ಎಳೆದರು. ಕೊನೆಗೆ, "ನಾನೂ ಬರ್ತೀನಿ" ಎಂದರು.

ಅಂದಿನಿಂದ ದವಡೆ ಅಡುಗೆಮನೆಯ ಗೂಡಿನಲ್ಲಿ, ಸಕ್ಕರೆ ಡಬ್ಬಿಯ ಪಕ್ಕ ಇರುತ್ತಿತ್ತು. ನಮಾಜಿನ ಹೊತ್ತಿಗೆ ಅತ್ತೆ ಅದನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು. ಮುಗಿದ ಮೇಲೆ ಮತ್ತೆ ಈಚೆಗೆ.

ಜುಲೈ ಹದಿನೈದು ನನ್ನ ಇದ್ದತ್ತಿನ ಇಪ್ಪತ್ತೆರಡನೆಯ ದಿನ. ಅತ್ತೆ, ನಾನು, ನವೀದ್ ಎಂಟರ ಬಸ್ಸು ಹತ್ತಿದೆವು. ಹೆಬ್ಬೂರು ದಾಟುವವರೆಗೆ ಅತ್ತೆ ನನ್ನ ಬುರ್ಖಾದ ತುದಿಯನ್ನು ಕೈಯಲ್ಲಿ ಹಿಡಿದೇ ಇದ್ದರು.

ಕ್ಲಿನಿಕ್ಕಿನಲ್ಲಿ ನರ್ಸ್ ಹನುಮಂತಮ್ಮ ಕಾರ್ಡು ತೆಗೆದುಕೊಂಡು ಒಳಗೆ ಕರೆದರು. ಡಾಕ್ಟರು ನನ್ನನ್ನು ಗುರುತಿಸಿ ನಗುತ್ತಾ, "ಸರ್ ಬರಲಿಲ್ವಾ? ನನ್ನ ದವಡೆ ಅವರ ಹತ್ರ ಇದೆ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. "ಅವನು ಹೋಗಿಬಿಟ್ಟ, ಸ್ವಾಮಿ. ಮೂರು ವಾರ ಆಯ್ತು. ಇವಳ ಹಲ್ಲು ತೆಗೀರಿ."

ಡಾಕ್ಟರು ಹಾಕಿಕೊಂಡಿದ್ದ ಗ್ಲೌಸನ್ನು ಬಿಚ್ಚಿ ಕೂತರು. ನನ್ನನ್ನು ನೋಡಿ, "ಇವತ್ತೇ ಆಗಬೇಕು ಅಂತೇನಿಲ್ಲಮ್ಮ. ಮುಂದಕ್ಕೆ ಹಾಕೋಣ" ಎಂದರು.

"ಇವತ್ತೇ ಆಗಲಿ, ಸರ್."

ದವಡೆ ಕೊಡೋಣವೆಂದು ಬ್ಯಾಗಿಗೆ ಕೈಹಾಕಿದೆ. ಬೆಳಿಗ್ಗೆ ನಾನೇ ಪೇಪರಿನಲ್ಲಿ ಸುತ್ತಿ ಇಟ್ಟಿದ್ದೆ. ಈಗ ಆ ಜಾಗದಲ್ಲಿ ಮಡಚಿದ ಟವಲ್ಲಿತ್ತು. ಅತ್ತೆ ಕ್ಯಾಲೆಂಡರಿನ ಕಡೆ ನೋಡುತ್ತಿದ್ದರು. ಡಾಕ್ಟರು ನಿಧಾನಕ್ಕೆ ಕೊಟ್ಟರಾಯಿತು ಎಂದು ಹೊಸ ಗ್ಲೌಸ್ ಹಾಕಿಕೊಂಡರು.

"ನೋವಾಗಲ್ಲ. ಒತ್ತೋದು ಗೊತ್ತಾಗುತ್ತೆ, ಸದ್ದು ಕೇಳ್ಸುತ್ತೆ, ಅಷ್ಟೆ. ನೋವಾದ್ರೆ ಎಡಗೈ ಎತ್ತಿ."

ಸೂಜಿ ಚುಚ್ಚಿದ್ದು ಗೊತ್ತಾಯಿತು. ಆಮೇಲೆ ಅವರು ಹೇಳಿದ ಹಾಗೇ ಆಯಿತು. ಮಷೀನಿನ ಸದ್ದು ತಲೆಯೊಳಗಿಂದ ಬಂದಂತಿತ್ತು. ಒಂದು ಸಲ ದವಡೆಯೇ ಕಳಚಿ ಬರುತ್ತದೆ ಅನ್ನಿಸುವಷ್ಟು ಒತ್ತಿದರು. ಗಡಿಯಾರ ಕಾಣುತ್ತಿತ್ತು, ಅದನ್ನೇ ನೋಡುತ್ತಿದ್ದೆ. ಎಡಗೈ ಎತ್ತಲಿಲ್ಲ. ನಲವತ್ತು ನಿಮಿಷಕ್ಕೆ ಸ್ಟೀಲ್ ತಟ್ಟೆಯಲ್ಲಿ ಮೂರು ತುಂಡುಗಳಿದ್ದವು. ಅತ್ತೆ ಮೂಲೆಯಲ್ಲಿ ನನ್ನ ಚಪ್ಪಲಿ ಎತ್ತಿ ಹಿಡಿದುಕೊಂಡು ನಿಂತಿದ್ದರು. ಯಾರಾದರೂ ತುಳಿದಾರೆಂದೋ ಏನೋ.

ಹನುಮಂತಮ್ಮ ಬೆರಳು ಮಡಚಿ ಹೇಳಿಕೊಟ್ಟರು. ಹತ್ತಿಯನ್ನು ಒಂದು ಗಂಟೆ ಕಚ್ಚಿ ಹಿಡಿಯಬೇಕು. ಇವತ್ತು ಬಿಸಿಯದ್ದು ಬೇಡ, ತಣ್ಣಗಿನ ಗಂಜಿ, ಮಜ್ಜಿಗೆ. ಕೆನ್ನೆಗೆ ಹೊರಗಿನಿಂದ ಐಸು. ಸ್ಟ್ರಾ ಹಾಕಿ ಏನೂ ಹೀರಬಾರದು. "ಇವತ್ತು ಉಗುಳಬಾರದು, ಬಾಯಿ ಮುಕ್ಕಳಿಸಬಾರದು. ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂತ್ಕೋಬೇಕು. ನಾಳೆಯಿಂದ ಬೆಚ್ಚಗೆ ಉಪ್ಪುನೀರು, ನಿಧಾನಕ್ಕೆ." ಅತ್ತೆ ಒಂದೊಂದಕ್ಕೂ ತಲೆಯಾಡಿಸಿದರು.

ನಾಲ್ಕು ಗಂಟೆಯೊಳಗೆ ಮನೆಯಲ್ಲಿದ್ದೆವು. ನವೀದ್ ಸೋಡಾ ಅಂಗಡಿಯಿಂದ ಐಸು ತಂದ. ಮಾವ ರಾಗಿ ಅಂಬಲಿ ಕಾಯಿಸಿ, ಆರಿಸಿ ಇಟ್ಟಿದ್ದರು. ಅತ್ತೆ ಬೀದಿಯ ಹೆಂಗಸರಿಬ್ಬರಿಗೆ ಬಾಗಿಲಲ್ಲೇ ನಿಂತು, ಹೋಗಿದ್ದು ನಿಜ, ನಾನೇ ಕರಕೊಂಡು ಹೋಗಿದ್ದೆ ಎಂದು ಹೇಳಿ ಕಳಿಸಿದರು.

ಹೊತ್ತು ಮುಳುಗಿ ಮಗ್ರಿಬ್ ಅಜಾನ್ ಆಯಿತು. ನನಗೆ ತಲೆ ಸುತ್ತುತ್ತಿತ್ತು. ಅತ್ತೆ ಬಚ್ಚಲಲ್ಲಿ ನನಗೆ ಮಣೆ ಹಾಕಿ ಕೂರಿಸಿ, ತಾವೇ ತಂಬಿಗೆ ಹಿಡಿದು, ನಮಾಜಿಗೆ ಮೊದಲು ಕೈ, ಬಾಯಿ, ಮುಖ ತೊಳೆಯುವ ವಜೂಗೆ ನೀರು ಹಾಕಿದರು. ಕೈ ತೊಳೆದೆ. ಬೊಗಸೆಯಲ್ಲಿ ನೀರು ತಗೊಂಡು ಮೂರು ಸಲ ಬಾಯಿ ಮುಕ್ಕಳಿಸಿ ಉಗುಳಿದೆ, ಏಳು ವರ್ಷದವಳಿದ್ದಾಗಿನಿಂದ ದಿನಕ್ಕೆ ಐದು ಸಲ ಮಾಡಿದ ಹಾಗೆ. ಮೂರನೆಯ ಸಲ ನೀರಿನ ಜೊತೆ ಕಪ್ಪಗಿನದೇನೋ ಹೋಯಿತು. ಅತ್ತೆ ಮುಖಕ್ಕೆ ನೀರು ಹಾಕಿದರು. ನಾನು ಮುಖ ತೊಳೆದೆ. ಇಬ್ಬರಿಗೂ ನೆನಪಾಗಲಿಲ್ಲ.

ಮಂಗಳವಾರ ಪರವಾಗಿರಲಿಲ್ಲ. ಬುಧವಾರ ನಸುಕಿನಲ್ಲಿ ಶುರುವಾದ ನೋವು ಹಲ್ಲಿದ್ದಾಗಿನ ನೋವಿಗಿಂತ ಹೆಚ್ಚಿತ್ತು. ದವಡೆಯಿಂದ ಕಿವಿ, ಕಿವಿಯಿಂದ ನೆತ್ತಿ. ಬಾಯಲ್ಲಿ ಕೆಟ್ಟ ವಾಸನೆ. ಮಾತ್ರೆ ಅರ್ಧ ಗಂಟೆಯೂ ತಡೆಯಲಿಲ್ಲ. ಗುರುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ, ಮತ್ತೆ ತುಮಕೂರಿಗೆ ಹೋಗಬೇಕು ಎಂದೆ.

ಅತ್ತೆ ಸಾರಿನ ಸೌಟನ್ನು ಪಾತ್ರೆಗೆ ಹಾಕಿದರು. "ಸಾಕು. ಇದ್ದತ್‌ನಲ್ಲಿ ಹೊಸ್ತಿಲು ದಾಟಬೇಡ ಅಂದ್ರೆ ಕೇಳಿಲ್ಲ. ತೆಗೆಸಿದ್ದಾಯ್ತು. ಎರಡರಷ್ಟು ನೋವು ತಂದ್ಕೊಂಡಿದ್ದಾಯ್ತು. ಇನ್ನು ಈ ಮನೆಯಿಂದ ಯಾರೂ ಹೋಗಲ್ಲ."

"ಅಮ್ಮಿ, ನೋವಿಗೂ ಹೊಸ್ತಿಲಿಗೂ ಏನ್ ಸಂಬಂಧ?" ಎಂದ ನವೀದ್.

"ನೀನು ಪಂಕ್ಚರ್ ಹಾಕು ಹೋಗು."

"ನಾಳೆ ನಾನು ಹೋಗ್ತೀನಿ, ಅಮ್ಮಿ" ಎಂದೆ. "ಯಾರೂ ಬರದಿದ್ರೂ ಹೋಗ್ತೀನಿ."

ಆ ಮನೆಗೆ ಸೊಸೆಯಾಗಿ ಬಂದ ಐದು ವರ್ಷದಲ್ಲಿ ನಾನು ಹಾಗೆ ಮಾತಾಡಿರಲಿಲ್ಲ. ಅತ್ತೆ ತಟ್ಟೆ ಬಿಟ್ಟು ಎದ್ದರು. ಮಾವ ನವೀದನಿಗೆ ಮೊದಲು ಫೋನ್ ಮಾಡು ಎಂದರು.

ಅವನು ಕಾಲು ಗಂಟೆಯಲ್ಲಿ ವಾಪಸ್ಸು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. "ಡಾಕ್ಟ್ರೇ ಸಿಕ್ಕಿದ್ರು. ಗುಳಿ ಒಣಗಿ ಮೂಳೆ ಕಾಣ್ತಿರಬೇಕು, ನಾಳೆನೇ ಕರಕೊಂಡು ಬಾ ಅಂದ್ರು. ಮೊದಲನೇ ದಿನ ಬಾಯಿ ಏನಾದ್ರೂ ಮುಕ್ಕಳಿಸಿದ್ರಾ ಅಂತ ಕೇಳಿದ್ರು. ಇಲ್ಲ ಅಂದೆ."

ಅತ್ತೆ ಪಾತ್ರೆ ತಿಕ್ಕುತ್ತಿದ್ದರು. ಕೈ ನಿಂತಿತು. ನನ್ನನ್ನು ನೋಡಿದರು. ನನಗೂ ಆಗಲೇ ನೆನಪಾಯಿತು.

"ಮುಕ್ಕಳಿಸಿದ್ಲು" ಎಂದರು. "ಮಗ್ರಿಬ್‌ಗೆ. ನಾನೇ ನೀರು ಹಾಕ್ದೆ."

"ಉಗುಳಿದ್ದು ನಾನು, ಅಮ್ಮಿ."

"ಆ ನರ್ಸಮ್ಮ ಬೆರಳು ಮಡಚಿ ಹೇಳಿದ್ಲು. ನಾನು ತಲೆ ಆಡಿಸ್ದೆ." ಸೆರಗಿಗೆ ಕೈ ಒರೆಸಿಕೊಂಡು ಅಲ್ಲೇ ನೆಲದ ಮೇಲೆ ಕೂತರು. ಕಾಯಿಲೆಯವರು ಮುಕ್ಕಳಿಸದಿದ್ದರೂ ವಜೂ ಆಗುತ್ತದೆ, ಇಮಾಮರನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು ಎಂದು ಮಾವ ಮೆಲ್ಲಗೆ ಅಂದರು. ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಉಸಿರಾಡುವುದನ್ನು ಯಾರು ಕೇಳಿ ಮಾಡುತ್ತಾರೆ.

ಆಮೇಲೆ ಅತ್ತೆ ಎದ್ದು, ತಮ್ಮ ಕೋಣೆಯ ಟ್ರಂಕಿನ ಬೀಗ ತೆಗೆದರು. ಝುಬೇರ್ ಅವರ ಇಸ್ತ್ರಿ ಮಾಡಿದ ಅಂಗಿಗಳ ಕೆಳಗಿಂದ ಪೇಪರಿನ ಗಂಟನ್ನು ತಂದು ನನ್ನ ಪಕ್ಕ ಇಟ್ಟರು.

"ಇದನ್ನ ಕೊಟ್ರೆ ಅವನು ಮುಟ್ಟಿದ್ದು ಒಂದು ಕಡಿಮೆ ಆಗುತ್ತೆ ಅಂತ ತೆಗೆದಿಟ್ಟಿದ್ದೆ. ಹಲ್ಲು ತೆಗೆಸೋ ದಿನ ಕೊಡ್ತೀನಿ ಅಂತ ಹೇಳಿ ತಂದಿದ್ದಲ್ವಾ ಅವನು? ಬ್ಯಾಗಿಗೆ ಹಾಕು. ಎಂಟರ ಬಸ್ಸು."

ಮಾರನೆಯ ದಿನ ಶುಕ್ರವಾರ. ಜುಮ್ಮಾ ನಮಾಜು ಇದ್ದುದರಿಂದ ಗಂಡಸರು ಬರಲಿಲ್ಲ. ನಾವಿಬ್ಬರೇ ಹೋದೆವು. ಡಾಕ್ಟರು ಗುಳಿಯನ್ನು ತೊಳೆದು, ಔಷಧಿಯಲ್ಲಿ ಅದ್ದಿದ ಸಣ್ಣ ಪಟ್ಟಿಯನ್ನು ಅದರೊಳಗೆ ತುಂಬಿದರು. ಕೋಣೆಯೆಲ್ಲ ವಾಸನೆ ಹರಡಿತು. ಅತ್ತೆ ಮುಂದೆ ಬಂದು ಮೂಸಿದರು.

"ಇದು ಲವಂಗ ಅಲ್ವಾ?"

"ಹೌದಮ್ಮ, ಲವಂಗದ ಎಣ್ಣೆಯೇ."

ಅತ್ತೆ ನನ್ನನ್ನು ನೋಡಿದ ನೋಟಕ್ಕೆ, ಬಾಯಲ್ಲಿ ಪಟ್ಟಿ ಇಲ್ಲದಿದ್ದರೆ ನಾನು ಏನಾದರೂ ಹೇಳುತ್ತಿದ್ದೆನೇನೋ. ಐದು ನಿಮಿಷದಲ್ಲಿ ನೋವು ಕಿವಿಯಿಂದ ಇಳಿಯಿತು, ಆಮೇಲೆ ದವಡೆಯಿಂದ. ಎರಡು ದಿನಕ್ಕೊಮ್ಮೆ ಬಂದು ಪಟ್ಟಿ ಬದಲಿಸಿಕೊಳ್ಳಬೇಕು ಎಂದರು ಡಾಕ್ಟರು. ಅತ್ತೆ ಬರುತ್ತೇವೆ ಎಂದರು.

ಹೊರಗಿನ ಬೆಂಚಿನಲ್ಲಿ ಹುತ್ರಿದುರ್ಗದ ಕಡೆಯ ಹೆಂಗಸೊಬ್ಬಳು ಕೆನ್ನೆಗೆ ಸೆರಗು ಒತ್ತಿಕೊಂಡು ಕೂತಿದ್ದಳು. ತೆಗೆಯುವಾಗ ಜೀವ ಹೋಗುತ್ತಾ ಎಂದು ಹನುಮಂತಮ್ಮನನ್ನು ಕೇಳುತ್ತಿದ್ದಳು. ನಾನು ಚೀಟಿ ಬರೆಸಿಕೊಂಡು ಈಚೆ ಬರುವಷ್ಟರಲ್ಲಿ ಅತ್ತೆ ಬ್ಯಾಗಿನಿಂದ ದವಡೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಏನೂ ಆಗಲ್ಲ ಕಣಮ್ಮ. ನೋಡು, ಹಿಂಗೆ ಓರೆಯಾಗಿರುತ್ತೆ. ಹಿಂಗೆ ತೆಗೀತಾರೆ." ಮೂವತ್ತೆರಡನೆಯ ಹಲ್ಲು ಟಕ್ಕೆಂದು ಬಂತು. "ಸದ್ದು ಕೇಳ್ಸುತ್ತೆ, ಅಷ್ಟೆ. ಆದ್ರೆ ಅವತ್ತೆಲ್ಲ ಉಗುಳಬಾರದು, ಬಾಯಿ ಮುಕ್ಕಳಿಸಬಾರದು. ಯಾರು ಪ್ರೀತಿಯಿಂದ ನೀರು ತಂದ್ಕೊಟ್ರೂ ಬ್ಯಾಡ ಅನ್ನು. ತಿಳೀತಾ?"

ಆ ಹೆಂಗಸು ತಲೆಯಾಡಿಸಿದಳು. ಅತ್ತೆ ಹಲ್ಲಿನ ಬುಡದ ಅಂಕಿಯನ್ನು ಒಂದು ಸಲ ನೋಡಿ, ಅದರ ಜಾಗಕ್ಕೆ ಕೂರಿಸಿ ಒತ್ತಿದರು. ದವಡೆಯನ್ನು ನನ್ನ ಕೈಗೆ ಕೊಟ್ಟರು.

ನಾನು ಮತ್ತೆ ಒಳಗೆ ಹೋದೆ. ಡಾಕ್ಟರ ಮೇಜಿನ ಎಡತುದಿಯಲ್ಲಿ ಅದು ಮೊದಲಿದ್ದ ಜಾಗ ಖಾಲಿಯೇ ಇತ್ತು. ಅಲ್ಲಿ ಇಟ್ಟೆ.

"ನಿಮ್ಮದು, ಸರ್. ನಮ್ಮನೆಯವರು ಪಾಠಕ್ಕೆ ಅಂತ ತಗೊಂಡಿದ್ರು. ಪಾಠ ಆಗಿದೆ."